ಮಾವನ ಉಗಿಹಡಗು ಯುದ್ಧಕ್ಕೆ ಹೊರಟದ್ದು

ಲುಂಗಿ ಉಟ್ಟುಕೊಂಡು ಯುದ್ಧಕ್ಕೆ ಹೋದವರನ್ನು ನೀವು ಎಲ್ಲಿಯಾದರೂ ನೋಡಿದ್ದೀರಾ? ನಾನು ನೋಡಿದ್ದೇನೆ. ನೋಡಿದ್ದಷ್ಟೇ ಅಲ್ಲ, ಶುಕ್ರವಾರ ಶುಕ್ರವಾರ ಅವರಿಗೆ ಬಂಗುಡೆ ಸಾರು ಬಡಿಸಿದ್ದೇನೆ!

ಅವರು ನನ್ನ ಗಂಡನ ಸೋದರಮಾವ. ಮಸ್ಕತ್ತಿನಲ್ಲಿ ನಮ್ಮ ಊರಿನವರೆಲ್ಲ ಆಫೀಸು, ಅಂಗಡಿ ಎಂದು ಎ.ಸಿ.ಯಲ್ಲಿ ತಣ್ಣಗೆ ಕೂತಿದ್ದಾಗ ಈ ಮಹಾಶಯರು ಒಂದು ಹಡಗಿನ ಹೊಟ್ಟೆಯೊಳಗೆ ಬೇಯುತ್ತಿದ್ದರು. ಅವರಿಗೆ ವೀಸಾ ಕೊಟ್ಟ ಕಫೀಲ್ ಮದೀನತ್ ಸುಲ್ತಾನ್ ಖಾಬೂಸ್ ಬಡಾವಣೆಯ ಶ್ರೀಮಂತ ವ್ಯಾಪಾರಿ. ಅತಿಥಿಗಳನ್ನು ಸಮುದ್ರ ಸುತ್ತಿಸಲೆಂದು ಯಾವನೋ ಬಿಳಿ ಸಾಹೇಬನಿಂದ ಒಂದು ಮುದಿ ಉಗಿಹಡಗು ಕೊಂಡಿದ್ದ. ತೇಗದ ನೆಲ, ಹಿತ್ತಾಳೆ ಕಂಬಿ, ಉದ್ದ ಚಿಮಣಿ. ಅದರ ಬಾಯ್ಲರಿನ ಮನಸ್ಸು ಅರಿತವರು ಇಡೀ ಒಮಾನಿನಲ್ಲಿ ಒಬ್ಬರೇ ಎಂದು ಜನ ಹೇಳುತ್ತಿದ್ದರು. ಜನ ಎಂದರೆ, ಮಾವನೇ.

ಅಲ್ ಖೌದ್‌ನ ನಮ್ಮ ಫ್ಲ್ಯಾಟಿಗೆ ಬಂದರೆ ಅವರು ಮೊದಲು ಮಾತಾಡಿಸುತ್ತಿದ್ದುದು ನನ್ನನ್ನಲ್ಲ, ಕುಕ್ಕರನ್ನು! ಬಗ್ಗಿ ಕಿವಿ ಕೊಟ್ಟು, "ವಾಲ್ವ್ ಸೋರ್ತಾ ಉಂಟು. ಇದ್ರಲ್ಲಿ ನೀನು ಫುಜೈರಾ ಬಂದರಿಗೆ ಮುಟ್ಲಿಕ್ಕಿಲ್ಲ" ಎನ್ನುತ್ತಿದ್ದರು.

"ನನಗೆ ಊಟದ ಮೇಜಿಗೆ ಮುಟ್ಟಿದರೆ ಸಾಕು ಮಾವ!"

ಎಂಬತ್ತರ ದಶಕದ ಕೊನೆಗೆ ಇರಾನ್–ಇರಾಕ್ ಯುದ್ಧದ ಬಿಸಿ ನಮ್ಮ ಕಡೆಯ ಸಮುದ್ರಕ್ಕೂ ತಟ್ಟಿತು. ಕರಾವಳಿ ಕಾಯಲು ತೇಲುವುದೆಲ್ಲ ಬೇಕಾಯಿತು. ಕಫೀಲ್ ಹಡಗನ್ನು ನೌಕಾಪಡೆಗೆ ಕೊಟ್ಟುಬಿಟ್ಟ. ಬಿಳಿ ಹಡಗಿಗೆ ಬೂದು ಬಣ್ಣ ಬಳಿದರು. ಕೇಕ್ ಕತ್ತರಿಸುವ ಮೇಜು ಇದ್ದಲ್ಲಿ ಮೆಷಿನ್‌ಗನ್ ಕೂತಿತು. ಅಲ್ಲಿಯವರೆಗೆ ಮಾವ ತುಟಿ ಕಚ್ಚಿ ಸಹಿಸಿಕೊಂಡರು. ಆದರೆ ನೌಕಾಪಡೆಯ ಅಧಿಕಾರಿ ಉಗಿ ಇಂಜಿನ್ ಕಿತ್ತು ಡೀಸೆಲ್ ಹಾಕಿಸೋಣ ಎಂದನಂತೆ. ಮಾವ ಏಣಿ ಹತ್ತಿ ಮೇಲೆ ಬಂದರು.

"ಡೀಸೆಲ್ ಗೊರಕೆ ಹೊಡೀತದೆ ಸಾಬ್. ಮೂರು ಮೈಲಿ ಆಚೆಗೇ ಶತ್ರು ಎದ್ದು ಕೂತ್ಕೊಳ್ತಾನೆ. ಇವಳು ಪಕ್ಕದಲ್ಲಿ ಹೋದ್ರೂ ಗೊತ್ತಾಗುದಿಲ್ಲ."

ಒಂದು ಸುತ್ತು ಹೊಡೆಸಿ ತೋರಿಸಿದರು. ಅಧಿಕಾರಿ ಕಿವಿಗೊಟ್ಟು ಕೇಳಿದ. ಅಲೆಯ ಸದ್ದು ಬಿಟ್ಟರೆ ಏನೂ ಇಲ್ಲ. "ಖಲಾಸ್, ಮಾತು ಮುಗೀತು. ಇದೂ ಇರಲಿ, ನೀನೂ ಇರು" ಎಂದ.

ಹೀಗೆ ಮಾವ ಯುದ್ಧಕ್ಕೆ ಸೇರಿದರು. ಸಮವಸ್ತ್ರವೂ ಬಂತು. ಆ ಕುಲುಮೆಯ ಬದಿಯಲ್ಲಿ ಪ್ಯಾಂಟ್ ಹಾಕಲು ಅವರಿಗೇನು ಹುಚ್ಚೇ? ತಪಾಸಣೆಗೆ ಬಂದವರು, "ಪ್ಯಾಂಟ್ ಎಲ್ಲಿ?" ಎಂದರೆ, "ಒಣಗ್ತಾ ಉಂಟು ಸಾಬ್" ಎನ್ನುತ್ತಿದ್ದರು. ಯುದ್ಧ ಮುಗಿಯುವವರೆಗೂ ಅದು ಒಣಗುತ್ತಲೇ ಇತ್ತು!

ಅವರು ಗಸ್ತಿಗೆ ಹೋದ ವಾರಗಳಲ್ಲಿ ನಾವು ರೇಡಿಯೋ ಬಿಟ್ಟು ಏಳುತ್ತಿರಲಿಲ್ಲ. ಹಡಗುಗಳಿಗೆ ಬೆಂಕಿ ಬಿದ್ದ ಸುದ್ದಿ ಬಂದರೆ ಊಟ ಬಿಟ್ಟು ಮುಂದಿನ ವಾರ್ತೆಗೆ ಕಾಯುತ್ತಿದ್ದೆವು. ಒಮ್ಮೆ ಕೇಳಿದೆ, "ನಿಮಗೆ ಹೆದರಿಕೆ ಆಗುದಿಲ್ವಾ ಮಾವ?"

"ಆಗ್ತದೆ ಮಗಾ. ವಾಶರ್ ಸಿಗದಿದ್ರೆ."

ಯುದ್ಧ ಮುಗಿಯಿತು. ಕಫೀಲ್ ಹೊಸ ಫೈಬರ್ ದೋಣಿ ಕೊಂಡ, ಮುದಿ ಹಡಗು ಗುಜರಿಗೆ ಹೋಯಿತು. ಮಾವನಿಗೆ ಗೋದಾಮಿನ ಪಂಪು ನೋಡುವ ಕೆಲಸ ಸಿಕ್ಕಿತು. ಹಡಗು ಹೋದರೂ ಅದರ ಕಥೆ ಹೋಗಬೇಕಲ್ಲ? ಕ್ಷೌರಿಕನಿಗೆ, ಟ್ಯಾಕ್ಸಿಯವನಿಗೆ, ಡಾಕ್ಟರಿಗೆ, ಸಿಕ್ಕಿದವರಿಗೆಲ್ಲ ಅದೇ ಬಾಯ್ಲರ್!

ತೊಂಬತ್ತರ ದಶಕದ ಒಂದು ಬೆಳಿಗ್ಗೆ ಒಣಮೀನು ತರಲು ಮಾವನನ್ನೂ ಕರೆದುಕೊಂಡು ಸುವೈಕ್‌ಗೆ ಹೋಗಿದ್ದೆವು. ಅಂಗಡಿಯ ಒಮಾನಿ ಮೀನು ತೂಗುತ್ತಿದ್ದ. ಮಾವ ಹಿಂದಿಯಲ್ಲಿ ಹಡಗನ್ನು ಬಂದರಿನಿಂದ ಹೊರಡಿಸಿಯೇ ಬಿಟ್ಟರು. ನಾನು ಗಂಡನ ಮುಖ ನೋಡಿದೆ. ಇನ್ನು ಅರ್ಧ ಗಂಟೆ!

ಇದ್ದಕ್ಕಿದ್ದಂತೆ ಅಂಗಡಿಯವನ ಕೈ ತಕ್ಕಡಿಯ ಮೇಲೆ ನಿಂತಿತು. "ಬೂದು ಬಣ್ಣದ್ದಾ? ಉದ್ದ ಚಿಮಣಿಯದ್ದಾ?" ಎಂದ.

ಅವನ ಸರಕಿನ ದೋಣಿ ತೇಲುಬಾಂಬಿಗೆ ತಾಗಿ ಒಡೆದಿತ್ತಂತೆ. ಹಲಗೆ ಹಿಡಿದು ತೇಲುತ್ತಿದ್ದವರ ಕೈ ಸೋತಾಗ ದೂರದಲ್ಲಿ ಹೊಗೆ ಕಂಡಿತಂತೆ. "ಅಷ್ಟು ವೇಗವಾಗಿ ಬಂದ ಹಡಗನ್ನು ನಾನು ಮತ್ತೆ ನೋಡಿಲ್ಲ. ಓಡಿಸಿದವರು ನೀವಾ?" ಎಂದು ಮೀನಿನ ಕೈಯಲ್ಲೇ ಮಾವನನ್ನು ಅಪ್ಪಿಕೊಂಡ.

ಮಾವ ಬಾಯ್ಲರನ್ನೂ ಮರೆತು, ಅವನ ಭುಜ ಹಿಡಿದು ಮುಖವನ್ನೇ ನೋಡಿದರು.

ಕಾರಿನಲ್ಲಿ ನಾನು ತಡೆಯದೆ ಕೇಳಿದೆ, "ಇಷ್ಟೆಲ್ಲ ಹೇಳ್ತೀರಿ, ಇದನ್ನು ಯಾಕೆ ಯಾರಿಗೂ ಹೇಳಲಿಲ್ಲ?"

"ನಾನು ಎಂತ ನೋಡಿದ್ದೆ ಹೇಳಲಿಕ್ಕೆ? ನಾನು ಕೆಳಗೆ ಇದ್ದವ. ಬಾಯ್ಲರ್ ಬಿಟ್ಟು ಬರುವ ಹಾಗಿರಲಿಲ್ಲ. ತಲೆ ಮೇಲೆ ಡೆಕ್ಕಿನಲ್ಲಿ ಒದ್ದೆ ಕಾಲುಗಳ ಸದ್ದು ಕೇಳಿತು, ಎಣಿಸಿದೆ. ಒಂಬತ್ತು ಜನ. ಮುಖ ಅಂತ ನೋಡಿದ್ದು ಇವತ್ತೇ."

ಕಾರು ಸ್ವಲ್ಪ ದೂರ ಬಂತು. ಮಾವ ಕಿಟಕಿಯ ಕಡೆ ತಿರುಗಿ, ತಪ್ಪು ಮಾಡಿದ ಹುಡುಗನ ದನಿಯಲ್ಲಿ, "ಹೆಸರು ಕೇಳ್ಲಿಕ್ಕೇ ಮರ್ತುಹೋಯ್ತು. ಒಮ್ಮೆ ವಾಪಸ್ ಹೋಗುವಾ?" ಎಂದರು.

ನನ್ನ ಗಂಡ ಕಾರು ತಿರುಗಿಸಿದರು.