ನೋಡಿದ ಚಿತ್ರ ಬಿಡಲೊಲ್ಲದ ಕಂಪ್ಯೂಟರು

ಕಂಪ್ಯೂಟರು ಕೆಡುವುದು ಒಂದು ಕಡೆ, ಕೆಟ್ಟಾಗ ಸುತ್ತ ನಿಂತವರು ಆಡುವ ಮಾತು ಇನ್ನೊಂದು ಕಡೆ. ನನ್ನ ಕೆಲಸದಲ್ಲಿ ಎರಡೂ ಒಟ್ಟಿಗೇ ಬರುತ್ತವೆ. ನಾನಿರುವುದು ಪಾಂಡವಪುರದಲ್ಲಿ. ಕ್ಯಾಮರಾ ಕಳಿಸುವ ಚಿತ್ರ ನೋಡಿ ಎಣಿಸುವ, ಎಚ್ಚರಿಸುವ ಪ್ರೋಗ್ರಾಂ ಬರೆಯುತ್ತೇನೆ. ಕ್ಯಾಮರಾ ಸೆಕೆಂಡಿಗೆ ಇಪ್ಪತ್ತೈದು ಚಿತ್ರ ಕಳಿಸುತ್ತದೆ. ಪ್ರೋಗ್ರಾಂ ಒಂದೊಂದನ್ನೂ ನೋಡಿ, ನೋಡಿದ್ದನ್ನು ಕೈಬಿಡಬೇಕು. ಬಿಡದೆ ಕೂಡಿಟ್ಟುಕೊಂಡರೆ ಕಂಪ್ಯೂಟರಿನ ಮೆಮೊರಿ ತುಂಬಿ, ಅದು ಮಿಸುಕಾಡದೆ ಕೂತುಬಿಡುತ್ತದೆ. ಈ ತಪ್ಪನ್ನು ನಾನು ಒಂದೇ ಸಲ ಮಾಡಿದ್ದರೆ ಇಲ್ಲಿ ಬರೆಯುವುದಕ್ಕೆ ಏನೂ ಇರುತ್ತಿರಲಿಲ್ಲ.

ಕೊಪ್ಪರಿಗೆಯ ಮುಂದೆ

ಮೊದಲ ಕೆಲಸ ನಮ್ಮೂರ ಪಕ್ಕದ ಆಲೆಮನೆಯಲ್ಲಿ. ಕುದಿಯುವ ಕಬ್ಬಿನ ಹಾಲು ಉಕ್ಕುವ ಮೊದಲೇ ಗಂಟೆ ಹೊಡೆಯಬೇಕು ಎಂದು ಯಜಮಾನರ ಆಸೆ. ಕೆಲಸವೇನೋ ಚೆನ್ನಾಗಿಯೇ ನಡೆಯಿತು, ಮುಕ್ಕಾಲು ಗಂಟೆ ಹೊತ್ತು. ಆಮೇಲೆ ಕಂಪ್ಯೂಟರು ನಿಂತಿತು. ಮೂರು ದಿನವೂ ಅದೇ ಕಥೆ. ಕೊಪ್ಪರಿಗೆ ಪಕ್ಕ ನಿಂತು ಪಾಕ ನೋಡುವ ಹಿರಿಯರು ಒಬ್ಬರಿದ್ದರು. ಮೂರನೆಯ ದಿನ ಅವರು ನನ್ನ ಹಿಂದೆ ಬಂದು ನಿಂತು, "ಏನವ್ವ ಅದರ ರೋಗ?" ಅಂದರು.

ನೋಡಿದ ಚಿತ್ರವನ್ನೆಲ್ಲ ಒಳಗೇ ಇಟ್ಟುಕೊಳ್ಳುತ್ತಿದೆ ಎಂದು ಹೇಳಿದೆ. ಅವರು ಹಾಲಿನ ಮೇಲೆ ಕಟ್ಟುವ ಕೊಳೆನೊರೆ ತೆಗೆಯಲು ಹಿಡಿದಿದ್ದ ಜಾಲರಿ ಸೌಟು ತೋರಿಸಿದರು.

"ಅಂಗಾದ್ರೆ ಮಡ್ಡಿ ತೆಗೀದೆ ಕುದ್ಸಕ್ಕೆ ಬುಟ್ಟಿದ್ದೀಯ ಅನ್ನು."

ನನಗೆ ಕಾಲೇಜಿನಲ್ಲೂ ಯಾರೂ ಇಷ್ಟು ಸಲೀಸಾಗಿ ಹೇಳಿಕೊಟ್ಟಿರಲಿಲ್ಲ. ಕೂತು ಹುಡುಕಿದೆ. ಚಿತ್ರ ಬಿಟ್ಟುಬಿಡು ಎನ್ನುವ ಒಂದು ಸಾಲನ್ನು ಬರೆಯುವುದೇ ಮರೆತಿದ್ದೆ. ಸೇರಿಸಿದ ಮೇಲೆ ಸಾಯಂಕಾಲದವರೆಗೂ ಕಂಪ್ಯೂಟರು ನಿಲ್ಲಲಿಲ್ಲ.

"ಒಟ್ಟು ಎಷ್ಟು ಸಾಲು ಬರ್ದಿದ್ದೆ?" ಎಂದು ಹಿರಿಯರು ಕೇಳಿದರು.

"ನಾಲ್ಕು ಸಾವಿರ."

"ನಾಕ್ ಸಾವ್ರ ಬರ್ದೋಳ್ಗೆ ಇನ್ನೊಂದು ಬರಿಯಕ್ಕೆ ಮೂರ್ ದಿನ ಬೇಕಾಯ್ತಾ?" ಅಂದು ಕೊಪ್ಪರಿಗೆ ಕಡೆ ನಡೆದರು.

ಸೆಕ್ರೆಟರಿಯ ನೋಟ್‌ಬುಕ್ಕು

ಕೆ.ಆರ್. ಪೇಟೆ ಕಡೆ ಒಂದು ಹಳ್ಳಿಯ ಹಾಲಿನ ಡೈರಿಯಲ್ಲಿ ಗಾಡಿಗೆ ಏರಿಸುವ ಕ್ಯಾನು ಎಣಿಸಬೇಕಿತ್ತು. ಅಲ್ಲೂ ಕಂಪ್ಯೂಟರು ನಿಲ್ಲುತ್ತಿತ್ತು. ಆದರೆ ನಾನು ಹೋದ ದಿನ ಮಾತ್ರ ನಿಲ್ಲುತ್ತಿರಲಿಲ್ಲ. ಡೈರಿ ಸೆಕ್ರೆಟರಿ ಬಹಳ ನೇಮದ ಮನುಷ್ಯ. "ಯಾವಾಗ ನಿಲ್ಲುತ್ತೆ, ಅದಕ್ಕೆ ಮೊದಲು ಏನಾಯ್ತು, ಒಂದು ವಾರ ಬರೆದಿಡಿ ಸಾರ್" ಎಂದು ಕೇಳಿಕೊಂಡೆ.

ಆಗಲಿ ಅಂದರು. ಹೊಸ ನೋಟ್‌ಬುಕ್ಕು ತಂದು, ಗೆರೆ ಎಳೆದು, ದುಂಡು ಅಕ್ಷರದಲ್ಲಿ ಬರೆದಿಟ್ಟರು. ಅದನ್ನು ಓದುತ್ತ ಓದುತ್ತ ನನಗೆ ಕಾಯಿಲೆ ಸಿಕ್ಕಿತು. ನಿಂತ ದಿನವೆಲ್ಲ ಕರೆಂಟು ಹತ್ತಾರು ಸಲ ಹೋಗಿ ಬಂದಿತ್ತು. ಕಂಪ್ಯೂಟರಿಗೆ ಬ್ಯಾಟರಿ ಇತ್ತು, ಕ್ಯಾಮರಾಕ್ಕೆ ಇರಲಿಲ್ಲ. ಕರೆಂಟು ಬಂದಾಗಲೆಲ್ಲ ನನ್ನ ಪ್ರೋಗ್ರಾಂ ಕ್ಯಾಮರಾಕ್ಕೆ ಹೊಸದಾಗಿ ಬಾಗಿಲು ತೆರೆಯುತ್ತಿತ್ತು, ಹಳೆಯ ಬಾಗಿಲು ಮುಚ್ಚುತ್ತಿರಲಿಲ್ಲ. ಹಾಗೆ ತೆರೆದ ಬಾಗಿಲುಗಳೇ ಮೆಮೊರಿ ತುಂಬಿದ್ದವು.

ಆ ಪುಸ್ತಕವನ್ನು ನಾನು ಕೇಳಿ ಇಸಕೊಂಡು ಬಂದೆ, ಇನ್ನೂ ಇಟ್ಟುಕೊಂಡಿದ್ದೇನೆ. ಕರೆಂಟಿನ ಲೆಕ್ಕಕ್ಕಲ್ಲ, ಈ ನಾಲ್ಕು ಸಾಲಿಗೆ:

"ಸೋಮವಾರ: ನಿಂತಿತು. ಮಂಗಳವಾರ: ನಿಂತಿತು. ಬುಧವಾರ: ಸಂಜೆವರೆಗೂ ನಿಲ್ಲಲಿಲ್ಲ, ಗಾಬರಿಯಾಯಿತು. ಗುರುವಾರ: ವಿಚಾರಿಸಲಾಗಿ, ಬುಧವಾರ ಆನ್ ಮಾಡಿರಲಿಲ್ಲ ಎಂದು ತಿಳಿದುಬಂತು."

ಬಿಂಡಿಗನವಿಲೆಯ ಪಟ

ಬಿಂಡಿಗನವಿಲೆಯಲ್ಲಿ ಒಬ್ಬ ಅಜ್ಜಿಯ ಕುರಿ ಎಣಿಸುವ ಕೆಲಸ. ದೊಡ್ಡಿ ಬಾಗಿಲಲ್ಲಿ ಕ್ಯಾಮರಾ. ಬೆಳಿಗ್ಗೆ ಹೊರಟಾಗ ಅರವತ್ತೆರಡು ಎಂದ ಕಂಪ್ಯೂಟರು, ಸಂಜೆ ವಾಪಸ್ಸು ಬಂದಾಗ ನಲವತ್ತೊಂದು ಅಂದಿತು. ಅಜ್ಜಿ ದೊಡ್ಡಿ ಕಡೆ ಒಂದು ಸಲ ಕಣ್ಣಾಡಿಸಿ, "ಎಲ್ಲಾ ಅವೆ ಬುಡು. ನಿನ್ ಪೆಟ್ಗೆ ದಣ್ಕೊಂಡದೆ" ಅಂದರು.

ನಿಜವೇ. ಲೆಕ್ಕ ತಪ್ಪಿದರೆ ನೋಡೋಣ ಎಂದು ಹಾದುಹೋದ ಪ್ರತಿ ಕುರಿಯ ಚಿತ್ರವನ್ನೂ ಪ್ರೋಗ್ರಾಂ ಇಟ್ಟುಕೊಳ್ಳುವ ಹಾಗೆ ನಾನೇ ಮಾಡಿದ್ದೆ. ಆ ಭಾರಕ್ಕೆ ಅದು ಏದುಸಿರು ಬಿಡುತ್ತ, ಇಪ್ಪತ್ತೊಂದು ಕುರಿಗಳನ್ನು ಕಣ್ಣುಬಿಟ್ಟು ನೋಡಿಯೇ ಇರಲಿಲ್ಲ. ಎಲ್ಲ ಅಳಿಸೋಣವೆಂದು ಚಿತ್ರಗಳನ್ನು ತೆರೆದೆ. ಅಜ್ಜಿ ನನ್ನ ಕೈ ಹಿಡಿದರು.

"ತಡಿ ಕಣ್ ಮಗ. ಇದು ನಮ್ ಕರಿಮೂತಿ ಅಲ್ವಾ? ಎಷ್ಟ್ ಚೆನ್ನಾಗಿ ನಿಂತದೆ ನೋಡು. ಇದ್ನ ಅಳುಸ್ಬ್ಯಾಡ."

ಆಮೇಲೆ ಒಂದೊಂದು ಕುರಿಗೂ ಒಂದೊಂದು ಕಾರಣ ಬಂತು. ಒಂದಕ್ಕೆ ಕಾಲು ಮುರಿದು ವಾಸಿಯಾಗಿತ್ತು, ಇನ್ನೊಂದು ತಬ್ಬಲಿ ಮರಿ. ಕಡೆಗೆ ಕರಿಮೂತಿಯದೊಂದನ್ನು ದೊಡ್ಡದು ಮಾಡಿಸಿ ಕಟ್ಟು ಹಾಕಿಸಿಕೊಡುತ್ತೇನೆ ಎಂದ ಮೇಲೆ ಮಿಕ್ಕದ್ದನ್ನು ಅಳಿಸಲು ಬಿಟ್ಟರು.

ಮುಂದಿನ ತಿಂಗಳು ಹೋದಾಗ ಪಟ ನಡುಮನೆಯ ಗೋಡೆ ಮೇಲಿತ್ತು. ಅಜ್ಜಿಯ ಗಂಡ ಜಗಲಿ ಮೇಲೆ ಕೂತು ನನ್ನ ಹತ್ತಿರ ದೂರು ಹೇಳಿದರು: "ನಲವತ್ತು ವರ್ಸ ಬಾಳುವೆ ಮಾಡಿವ್ನಿ ಕಣವ್ವ. ನಂದೊಂದು ಪಟ ಹಾಕಿಲ್ಲ ಇವ್ಳು, ಕುರೀದು ಹಾಕವ್ಳೆ."

ಒಳಗಿನಿಂದ ಅಜ್ಜಿ ಹೇಳಿದರು: "ನಿಂದು ಹಾಕೋ ಕಾಲ ಬಂದಾಗ ಹೂವಿನ್ ಹಾರ ಸಮೇತ ಹಾಕ್ತೀನಿ. ಅವಸ್ರ ಯಾಕೆ, ಸುಮ್ನಿರು."

ಸ್ನಾನಘಟ್ಟದ ಸಾಹೇಬರು

ಶ್ರೀರಂಗಪಟ್ಟಣದಲ್ಲಿ ಹೊಳೆಯ ಒಂದು ಸ್ನಾನಘಟ್ಟದಲ್ಲಿ ನಡೆದದ್ದು ಇದು. ಆಳವಿರುವ ಕಡೆ ಅಡ್ಡಲಾಗಿ ಹಗ್ಗ ಕಟ್ಟಿದ್ದರು. ಅದನ್ನು ದಾಟಿದವರನ್ನು ಅಲ್ಲಿಯ ತೆಪ್ಪದ ಅಣ್ಣ ಎಷ್ಟೋ ಸಲ ಎಳೆದು ತಂದಿದ್ದ. ಯಾರಾದರೂ ದಾಟಿದ ಕೂಡಲೇ ಸೈರನ್ ಕೂಗಬೇಕು. ಒಪ್ಪಿಗೆ ಕೊಡಬೇಕಾದ ಸಾಹೇಬರು ಅದನ್ನು ತಾವೇ ಪರೀಕ್ಷೆ ಮಾಡುತ್ತೇನೆ ಎಂದು ಬಂದರು.

ಶರ್ಟು ಬಿಚ್ಚಿ, ಬನಿಯನ್ನಿನಲ್ಲಿ ನೀರಿಗಿಳಿದು ಹಗ್ಗ ದಾಟಿ ನಿಂತರು. ಸೈರನ್ ಕೂಗಲಿಲ್ಲ. ಎರಡು ನಿಮಿಷ ಕಾದರು. ನಾನು ತಲೆ ತಗ್ಗಿಸಿದೆ. ಸಾಹೇಬರು ಒಳ್ಳೆಯವರು. "ಇರ್ಲಿ ಬಿಡಮ್ಮ, ಸರಿಮಾಡ್ಕೊಂಡು ಹೇಳು" ಎಂದು ಮೇಲೆ ಬಂದು, ಮೈ ಒರೆಸಿ, ಬಟ್ಟೆ ಹಾಕಿಕೊಂಡು, ಮರದ ನೆರಳಲ್ಲಿ ತಟ್ಟೆ ಇಡ್ಲಿ ಮುಂದೆ ಕೂತರು.

ಎರಡನೆಯ ಇಡ್ಲಿ ಮುಗಿಯುವ ಹೊತ್ತಿಗೆ ಸೈರನ್ ಕೂಗಿತು.

ಎಲ್ಲರೂ ಕಂಪ್ಯೂಟರಿನ ಪರದೆ ಹತ್ತಿರ ಓಡಿದೆವು. ಹಗ್ಗದ ಆಚೆ ಒಬ್ಬ ಮನುಷ್ಯ, ಬೆನ್ನು ಮಾತ್ರ ಕಾಣುತ್ತಿದೆ. "ಯಾರಯ್ಯ ಅವನು, ಬುದ್ಧಿ ಬೇಡ್ವಾ? ಹೋಗಯ್ಯ, ಬೇಗ ಹೋಗು" ಎಂದು ಸಾಹೇಬರೇ ತೆಪ್ಪದ ಅಣ್ಣನನ್ನು ಅಟ್ಟಿದರು. ಅವನು ತೆಪ್ಪ ಹಾಕಿಕೊಂಡು ಹೋದ. ಅಲ್ಲಿ ಯಾರೂ ಕಾಣದಿದ್ದಾಗ, ಮುಳುಗಿಯೇ ಹೋದನೆಂದು ನೀರಿಗೆ ಧುಮುಕಿದ.

ಅಷ್ಟರಲ್ಲಿ ಪರದೆಯ ಮೇಲಿನ ಮನುಷ್ಯ ಈ ಕಡೆ ತಿರುಗಿದ. ಸಾಹೇಬರು ಸಾಹೇಬರನ್ನೇ ನೋಡಿದರು.

ಆಗಿದ್ದಿಷ್ಟೆ. ಪ್ರೋಗ್ರಾಂ ಹತ್ತು ಚಿತ್ರ ನೋಡಿ ಮುಗಿಸುವಷ್ಟರಲ್ಲಿ ಹನ್ನೆರಡು ಬಂದು, ಮಿಕ್ಕವು ಸಾಲಿನಲ್ಲಿ ನಿಲ್ಲುತ್ತಿದ್ದವು. ಬೆಳಗಿನಿಂದ ಆ ಸಾಲು ಬೆಳೆದು, ಮೆಮೊರಿ ತುಂಬುತ್ತ ಬಂದು, ನಾವು ಈಗಿನದು ಎಂದುಕೊಂಡು ನೋಡುತ್ತಿದ್ದದ್ದು ಅರ್ಧ ಗಂಟೆ ಹಿಂದಿನ ಹೊಳೆ. ಹಳೆಯದನ್ನೆಲ್ಲ ಎಸೆದು ಹೊಸ ಚಿತ್ರವನ್ನಷ್ಟೇ ನೋಡುವಂತೆ ಆಮೇಲೆ ತಿದ್ದಿದೆ. ಈಗ ತಕ್ಷಣ ಕೂಗುತ್ತದೆ, ಒಪ್ಪಿಗೆಯೂ ಸಿಕ್ಕಿತು. ಆ ಹೊತ್ತಿನಲ್ಲಿ ಮಾತ್ರ ಸೈರನ್ ಸದ್ದಿನಲ್ಲಿ ನಾವು ಎಷ್ಟು ಕರೆದರೂ ತೆಪ್ಪದ ಅಣ್ಣನಿಗೆ ಕೇಳಲಿಲ್ಲ.

ಕೊನೆಗೂ ಅವನು ಸೋತು, ಒದ್ದೆಯಾಗಿ ದಡಕ್ಕೆ ಬಂದ. ನೀರಲ್ಲಿದ್ದದ್ದು ಸಾಹೇಬರೇ ಎಂದು ಯಾರೋ ಹೇಳಿದರು. ಅವನು ಪರದೆ ನೋಡಿದ, ಸಾಹೇಬರನ್ನು ನೋಡಿದ, ಆಮೇಲೆ ಕೈಮುಗಿದು ಬಹಳ ಸಂಕಟದಿಂದ ಹೇಳಿದ:

"ತಪ್ಪು ತಿಳ್ಕಬ್ಯಾಡಿ ಸಾ. ಮೂರು ಸಲ ಮುಳುಗಿ ಹುಡುಕ್ದೆ. ನೀವು ಸಿಗ್ಲೇ ಇಲ್ಲ."