ಮರಳಿನ ಬಕೆಟ್ಟು ಮತ್ತು ಒಂಬತ್ತನೇ ಷರತ್ತು

ಅವತ್ತಿನ ರಾದ್ಧಾಂತಕ್ಕೆಲ್ಲ ಮೂಲ ಎರಡು ಬಕೆಟ್ಟು.

ಇಲಾಖೆಯಿಂದ ಮಾಲಿನಿಗೆ ಬಂದ ಪತ್ರದಲ್ಲಿ ಹದಿನೇಳು ಷರತ್ತುಗಳಿದ್ದವು. ಮರೆವಿನ ಕಾಯಿಲೆ ಬಂದ ಹಿರಿಯರನ್ನು ನೋಡಿಕೊಳ್ಳುವವರಿಗೆ ತರಬೇತಿ ಕೊಡುವ ಯಾವುದೇ ಕೇಂದ್ರ ಇನ್ನು ಮುಂದೆ ಸರ್ಕಾರದ ಅನುಮೋದನೆ ಪಡೆದಿರತಕ್ಕದ್ದು. ಇಲ್ಲವಾದರೆ ತಿಂಗಳ ಕೊನೆಗೆ ಮುಚ್ಚತಕ್ಕದ್ದು. ಕೋಣೆಯ ಉದ್ದ ಇಷ್ಟು, ಅಗಲ ಇಷ್ಟು, ಫಲಕದ ಅಕ್ಷರ ಇಷ್ಟು ದಪ್ಪ. ಸೊಸೆಯನ್ನೇ ಕಳ್ಳಿ ಎನ್ನುವ ಅಜ್ಜಿಯನ್ನು ಸಮಾಧಾನ ಮಾಡುವುದು ಹೇಗೆ, ಸ್ನಾನಕ್ಕೆ ಬರಲೊಲ್ಲದ ಅಜ್ಜನನ್ನು ಒಪ್ಪಿಸುವುದು ಹೇಗೆ, ಈ ಬಗ್ಗೆ ಅರ್ಧ ಸಾಲೂ ಇರಲಿಲ್ಲ. ಕೊನೆಯ ಷರತ್ತು: ಕೆಂಪು ಬಣ್ಣ ಬಳಿದು ಮರಳು ತುಂಬಿಸಿದ ಬಕೆಟ್ಟು, ಎರಡು.

“ಮರೆವಿಗೆ ಮರಳು ಯಾಕ್ರೀ?” ಎಂದು ಮಾಲಿನಿ ಗಂಡನನ್ನು ಕೇಳಿದಳು.

“ಬೆಂಕಿ ಬಿದ್ರೆ ಆರ್ಸೋಕೆ ಕಣೇ,” ಎಂದ ರೈಲ್ವೆ ಗುಮಾಸ್ತ ರವಿಕುಮಾರ.

ಬೆಂಕಿ ಆಗಲೇ ಮಾಲಿನಿಯ ಹೊಟ್ಟೆಯಲ್ಲಿ ಬಿದ್ದಿತ್ತು.

ಅವಳಿಗೆ ಈ ವಿದ್ಯೆಯನ್ನು ಯಾವ ಸರ್ಕಾರವೂ ಕಲಿಸಿರಲಿಲ್ಲ. ಕಲಿಸಿದವರು ಅತ್ತೆ ಸಣ್ಣತಾಯಮ್ಮ. ಕೊನೆಯ ಎಂಟು ವರ್ಷ ಅವರಿಗೆ ಮಗ, ಸೊಸೆ, ಮನೆ, ಊರು ಒಂದೂ ನೆನಪಿರಲಿಲ್ಲ. ಕನ್ನಡಿಯಲ್ಲಿ ಕಂಡ ತಮ್ಮನ್ನೇ “ಯಾರವ್ವಾ ನೀನು, ಉಂಡ್ಯಾ?” ಎಂದು ವಿಚಾರಿಸುತ್ತಿದ್ದರು. ಮಾಲಿನಿ ಕನ್ನಡಿಯ ಮುಂದೆಯೂ ಒಂದು ತಟ್ಟೆ ಇಡುತ್ತಿದ್ದಳು. ಆಗ ಮಾತ್ರ ಅತ್ತೆ ನೆಮ್ಮದಿಯಾಗಿ ಉಣ್ಣುತ್ತಿದ್ದರು. ಅವರು ತೀರಿಕೊಂಡ ಮೇಲೆ, ಇದನ್ನೆಲ್ಲ ನೋಡುತ್ತಿದ್ದ ಊರಿನ ಡಾಕ್ಟರು, “ನಾಲ್ಕು ಜನಕ್ಕೆ ಹೇಳಿಕೊಡಮ್ಮ” ಎಂದರು. ಹಾಗೆ ಶುರುವಾದದ್ದು ಅರಸೀಕೆರೆಯ ಲಕ್ಕಪ್ಪನವರ ಮನೆಯ ಮುಂದಿನ ಹಜಾರದಲ್ಲಿ ಈ ತರಗತಿ. ಈಗ ಆರು ಜನ ಹೆಂಗಸರು ಕಲಿತು ಮುಗಿಸಿದ್ದರು. ಹಾಸನದ ಒಂದು ವೃದ್ಧಾಶ್ರಮ ಆರೂ ಜನಕ್ಕೆ ಕೆಲಸ ಕೊಡಲು ತಯಾರಿತ್ತು. ಆದರೆ ಆಶ್ರಮದವರಿಗೆ ಅನುಮೋದನೆ ಇರುವ ಕೇಂದ್ರದ ಪ್ರಮಾಣಪತ್ರವೇ ಬೇಕು.

ಮಾಲಿನಿ ಪತ್ರವನ್ನು ಸ್ಕೂಲಿನ ಪಾಠದ ಹಾಗೆ ಉರು ಹೊಡೆದಳು. ಒಂಬತ್ತನೇ ಷರತ್ತು ‘ತರಬೇತುದಾರರ ಅರ್ಹತೆ: ನಿಯಮಾನುಸಾರ’ ಎಂದಷ್ಟೇ ಹೇಳುತ್ತಿತ್ತು. ಎಂಟು ವರ್ಷ ಅತ್ತೆಯನ್ನು ನೋಡಿಕೊಂಡದ್ದಕ್ಕಿಂತ ದೊಡ್ಡ ಅರ್ಹತೆ ಯಾವುದು ಎಂದುಕೊಂಡು ಅದನ್ನು ಎರಡನೇ ಸಲ ಓದಲಿಲ್ಲ.

ತಪಾಸಣೆಯ ದಿನ ಬೆಳಿಗ್ಗೆ ಒಂಬತ್ತಕ್ಕೇ ಆರೂ ಜನ ಬಂದು ಕೂತಿದ್ದರು. ಗೆಂಡೆಹಳ್ಳಿಯಿಂದ ಎರಡು ಬಸ್ಸು ಬದಲಾಯಿಸಿ ಬರುವ ಮುತ್ತಮ್ಮ ಎಂದಿನಂತೆ ಎಲ್ಲರಿಗಿಂತ ಮುಂದೆ. ಮುತ್ತಮ್ಮನ ತಲೆಗೆ ಒಂದು ಮಾತು ಹೋದರೆ ಸಿಮೆಂಟಿನಲ್ಲಿ ಊರಿದ ಕಂಬದ ಹಾಗೆ, ಮತ್ತೆ ಅಲ್ಲಾಡುವುದಿಲ್ಲ.

“ನೋಡಿ, ಇವತ್ತು ಇಬ್ಬರು ಬರ್ತಾರೆ,” ಎಂದಳು ಮಾಲಿನಿ. “ಹತ್ತು ಗಂಟೆಗೆ ನಿಮ್ಮ ಅಭ್ಯಾಸಕ್ಕೆ ಬಾಣಾವರದಿಂದ ತಿಮ್ಮಯ್ಯನೋರು ಅಂತ ಒಬ್ಬ ಹಿರಿಯರು. ಶಿರಸ್ತೇದಾರರಾಗಿದ್ದೋರು. ರಿಟೈರಾಗಿ ಇಪ್ಪತ್ತು ವರ್ಷದ ಮೇಲಾಯ್ತು, ಅದು ಅವರಿಗೆ ನೆನಪಿಲ್ಲ. ಎಲ್ಲಿಗೆ ಹೋದ್ರೂ ತಪಾಸಣೆಗೆ ಬಂದಿದ್ದೀನಿ, ಫೈಲ್ ತನ್ನಿ ಅಂತಾರಂತೆ. ನೀವೇನು ಮಾಡ್ಬೇಕು? ಮೊದಲನೇ ಪಾಠ?”

“ಎದುರು ಮಾತಾಡಬಾರದು!” ಎಂದು ಆರು ಗಂಟಲು ಒಟ್ಟಿಗೆ ಹೇಳಿದವು.

“ಎರಡನೇದು?”

“ಹೌದು ಅನ್ನಬೇಕು. ಚಪ್ಪಲಿ, ಬ್ಯಾಗು ಎತ್ತಿಡಬೇಕು, ಇಲ್ದಿದ್ರೆ ಹೊರಟು ಹೋಗ್ತಾರೆ. ಜೇಬಿಗೆ ಹೆಸರು, ಊರು ಬರೆದ ಚೀಟಿ ಹಾಕಬೇಕು. ಕೈ ಹಿಡಿದು ಮಾತಾಡಿಸ್ತಾ ಇರಬೇಕು.”

“ಸರಿ. ಸರ್ಕಾರದ ಸಾಹೇಬರು ಬರೋದು ಮಧ್ಯಾಹ್ನ ಮೂರಕ್ಕೆ. ನಾನು ಬಕೆಟ್ಟು ತಂದುಬಿಡ್ತೀನಿ.”

ಅಂದು ಮಂಡಿಯಲ್ಲಿ ಕೊಬ್ಬರಿ ಹರಾಜು. ಬಿ.ಎಚ್. ರಸ್ತೆಯ ತುಂಬ ಲಾರಿಗಳು ಗಬ್ಬದ ಎಮ್ಮೆಗಳ ಹಾಗೆ ನಿಂತಿದ್ದವು. ಪೇಂಟರ್ ಏಕಾಂತಯ್ಯನ ಅಂಗಡಿಗೆ ಹೋದರೆ ಅವನು ಆಗಷ್ಟೇ ಬಕೆಟ್ಟಿಗೆ ಬಣ್ಣ ಬಳಿಯುತ್ತಿದ್ದ.

“ನಿನ್ನೆನೇ ಆಗುತ್ತೆ ಅಂದಿದ್ದಿ ಕಣೋ!”

“ನಿನ್ನೆ ಮೋಡ ಇತ್ತಲ್ಲಕ್ಕಾ. ಇನ್ನೊಂದು ಗಂಟೆ ಒಣಗಲಿ.”

ಒಣಗಲು ಕಾಯುವ ತಾಳ್ಮೆ ಮಾಲಿನಿಗೆ ಇರಲಿಲ್ಲ. ಕಾಗದ ಸುತ್ತಿ, ಮರಳು ತುಂಬಿಸಿ, ಎರಡು ಬಕೆಟ್ಟನ್ನೂ ಎರಡು ಹಠಮಾರಿ ಮಕ್ಕಳ ಹಾಗೆ ಎಳೆದುಕೊಂಡು ಹೊರಟಳು. ಆಟೋದವರು ಲಾರಿಗಳ ನಡುವೆ ಬರಲೊಪ್ಪಲಿಲ್ಲ. ಮನೆ ಮುಟ್ಟುವಷ್ಟರಲ್ಲಿ ಗಂಟೆ ಹನ್ನೊಂದೂವರೆ, ಕಾಗದ ಚಿಂದಿ, ಕೈ ಮೊಣಕೈವರೆಗೆ ಕೆಂಪು.

ಅಷ್ಟರಲ್ಲಿ ಇತ್ತ ನಡೆದದ್ದೇ ಬೇರೆ.

ಇಲಾಖೆಯ ನಟರಾಜ್ ಅವರಿಗೆ ನಿವೃತ್ತಿಗೆ ಎರಡು ತಿಂಗಳಿತ್ತು. ತಲೆ ಹಿಂಜಿದ ಹತ್ತಿ. ಅರಸೀಕೆರೆಗೆ ಹೋಗಿದ್ದೇ ಆದರೆ ಹಾಗೇ ಬೇಲೂರು, ಹಳೇಬೀಡು ನೋಡಿಕೊಂಡು ಬರೋಣವೆಂದು ಮೂರು ಗಂಟೆಯ ತಪಾಸಣೆಯನ್ನು ತಾವಾಗಿಯೇ ಹತ್ತಕ್ಕೆ ತಂದುಕೊಂಡಿದ್ದರು. ತಿಳಿಸುವ ಗೋಜಿಗೆ ಹೋಗಿರಲಿಲ್ಲ. ಸರ್ಕಾರ ಬಂದಾಗಲೇ ಹೊತ್ತು ಎಂದು ಅವರ ಎಣಿಕೆ.

ಗೇಟಿನಲ್ಲಿ ನಿಂತಿದ್ದ ಮನೆಯ ಒಡೆಯ ಲಕ್ಕಪ್ಪ, ಬಿಳಿ ತಲೆಯನ್ನೂ ರೆಕ್ಸಿನ್ ಬ್ಯಾಗನ್ನೂ ಕಂಡು, “ಯಾರ್ ಬೇಕಾಗಿತ್ತು ಯಜಮಾನ್ರೇ?” ಎಂದರು.

“ತಪಾಸಣೆಗೆ ಬಂದಿದ್ದೀನಿ.”

ಲಕ್ಕಪ್ಪನವರ ಮುಖ ಕರಗಿತು. ಒಳಗೆ ತಿರುಗಿ ಕೂಗಿದರು: “ಮುತ್ತಮ್ಮಾ, ಬಾಣಾವರದೋರು ಬಂದ್ರು ಕಣವ್ವ! ಪಾಪ, ಒಬ್ರೇ ಬಂದವ್ರೆ!”

“ಬಾಣಾವರ ಅಲ್ರೀ, ನಾನು ಬೆಂಗಳೂರಿಂದ...”

“ಹೌದು ಹೌದು, ಬೆಂಗಳೂರು,” ಎಂದು ಮುತ್ತಮ್ಮ ಅವರ ಕೈ ಹಿಡಿದುಕೊಂಡಳು. “ದೂರದಿಂದ ಬಂದೀರ. ಕುತ್ಕಳಿ ಸಾಮಿ.”

“ಕೈ ಬಿಡಮ್ಮ! ನಾನು ಇನ್ಸ್‌ಪೆಕ್ಷನ್ ಆಫೀಸರು!”

“ನೀವಲ್ದೆ ಇನ್ಯಾರು ಸಾಮಿ?”

ಅವರು ಗುರುತಿನ ಚೀಟಿ ತೆಗೆದು ತೋರಿಸಿದರು. “ಫೋಟೋ ಸೂಪರಾಗಿದೆ ಅಜ್ಜ, ಹೀರೋ ಥರ,” ಎಂದು ಆರು ಜನರಲ್ಲಿ ಚಿಕ್ಕವಳಾದ ಹೇಮಾಶ್ರೀ ಅದನ್ನು ಜೋಪಾನವಾಗಿ ಬೀರುವಿನಲ್ಲಿಟ್ಟಳು. ಅವರು ಸಿಟ್ಟಿನಿಂದ ಎದ್ದಾಗ ಬಾಗಿಲಲ್ಲಿ ಬೂಟುಗಳಿರಲಿಲ್ಲ. ಬ್ಯಾಗು ಕೇಳಿದರೆ “ತತ್ತೀವಿ ಸಾಮಿ, ಊಟ ಆಗ್ಲಿ” ಎಂಬ ಉತ್ತರ. ಎಷ್ಟು ಕೂಗಿದರೂ ಆರು ಮುಖಗಳಲ್ಲಿ ಒಂದರಲ್ಲೂ ಸಿಟ್ಟಿಲ್ಲ. ಗೋಡೆಗೆ ಗುದ್ದಬಹುದು, ಹತ್ತಿಯ ಮೂಟೆಗೆ ಎಷ್ಟು ಅಂತ ಗುದ್ದುವುದು? ನಲವತ್ತು ನಿಮಿಷದಲ್ಲಿ ನಟರಾಜ್ ಸುಸ್ತಾದರು. ಇನ್ನು ಹತ್ತು ನಿಮಿಷದಲ್ಲಿ ಬಿಸಿನೀರಿನ ಬೋಗುಣಿಗೆ ಕಾಲಿಟ್ಟರು. ಆಮೇಲೆ ತಲೆಗೆ ಕೊಬ್ಬರಿ ಎಣ್ಣೆ ಬಿತ್ತು. ಮೂವತ್ಮೂರು ವರ್ಷದ ಸರ್ವೀಸಿನಲ್ಲಿ ಅವರ ಮಾತಿಗೆ ಇಷ್ಟು ಸಲ ‘ಹೌದು’ ಎಂದವರು ಯಾರೂ ಇರಲಿಲ್ಲ.

ಮಾಲಿನಿ ಬಾಗಿಲಿಗೆ ಬಂದಾಗ ಅವರ ಕಣ್ಣು ಅರ್ಧ ಮುಚ್ಚಿತ್ತು. ಕೊರಳಲ್ಲಿ ಟವೆಲ್, ಜೇಬಿನಲ್ಲಿ ‘ತಿಮ್ಮಯ್ಯ, ಬಾಣಾವರ’ ಎಂಬ ಚೀಟಿ. ಮುತ್ತಮ್ಮ ಹೆಸರುಬೇಳೆ ಪಾಯಸ ಕುಡಿಸುತ್ತಿದ್ದಳು.

“ಅಬ್ಬ! ಎಷ್ಟು ಚೆನ್ನಾಗಿ ಒಗ್ಗಿಕೊಂಡಿದ್ದಾರೆ!” ಎಂದಳು ಮಾಲಿನಿ, ಎದೆ ತುಂಬಿ.

ಹಿಂದಿನಿಂದ ಒಂದು ದನಿ ಬಂತು. “ಮೇಡಂ, ನಾನು ಕೃಷ್ಣಪ್ಪ, ಬಾಣಾವರದಿಂದ. ರೈಲು ತಡ ಆಯ್ತು. ಇವ್ರೇ ನಮ್ಮಪ್ಪ, ತಿಮ್ಮಯ್ಯನೋರು.”

ಮಾಲಿನಿ ತಿರುಗಿ ನೋಡಿದಳು. ಕಚ್ಚೆಪಂಚೆ, ಕರಿಕೋಟು ತೊಟ್ಟ ಎಂಬತ್ತರ ಹಿರಿಯರು ಹಜಾರದ ಅಗಲವನ್ನು ಕಣ್ಣಿನಲ್ಲೇ ಅಳೆಯುತ್ತಿದ್ದರು. ಮತ್ತೆ ಒಳಗೆ ನೋಡಿದಳು. ಕೈಯಿಂದ ಬಕೆಟ್ಟು ಜಾರಿತು. ಬಾಗಿಲ ಪಕ್ಕದಲ್ಲೇ ಇದ್ದ ಬೋಗುಣಿಗೆ ಮರಳು ಬಿತ್ತು, ನೀರು ಚಿಮ್ಮಿತು, ನಟರಾಜ್ ಕಣ್ಣು ಬಿಟ್ಟರು. ಎದುರಿಗೆ ಮೊಣಕೈವರೆಗೆ ಕೆಂಪಾದ ಎರಡು ಕೈಗಳು.

“ಅಯ್ಯೋ! ಕೊಲೆ!” ಎಂದು ಅವರು ಬೋಗುಣಿಯಿಂದ ಎಗರಿದರು.

ಬೂಟು, ಬ್ಯಾಗು, ಗುರುತಿನ ಚೀಟಿ ವಾಪಸು ಬರಲು, ಕ್ಷಮೆ ಕೇಳಲು, ಲಕ್ಕಪ್ಪನವರು “ಬಿಳಿ ತಲೆ ನೋಡಿ ಅಂದ್ಕಂಡೆ ಸಾ” ಎಂದು ಇನ್ನಷ್ಟು ಕೆಡಿಸಲು ಅರ್ಧ ಗಂಟೆ ಹಿಡಿಯಿತು. ಆಮೇಲೆ ನಟರಾಜ್ ಕನ್ನಡಕ ಹಾಕಿಕೊಂಡು, ಎಣ್ಣೆ ಸೋರುವ ಹಣೆ ಒರೆಸಿ, ಫಾರಂ ತೆಗೆದರು. ಆಶ್ಚರ್ಯವೆಂದರೆ ದನಿಯಲ್ಲಿ ಸಿಟ್ಟಿರಲಿಲ್ಲ.

“ಹೆಣ್ಮಕ್ಕಳ ಕೆಲಸ ಚೆನ್ನಾಗಿದೆ. ನಾನೇ ಅನುಭವಿಸಿದ್ದೀನಲ್ಲ, ಇದೇ ಪ್ರಾಯೋಗಿಕ ಪರೀಕ್ಷೆ ಅಂತ ಬರ್ಕೊಳ್ತೀನಿ. ಆರೂ ಜನ ಪಾಸ್. ಕೋಣೆ ಸರಿ. ಬಕೆಟ್ಟು... ಒಂದು ಸರಿ. ಒಂಬತ್ತನೇದು, ತರಬೇತುದಾರರ ಪ್ರಮಾಣಪತ್ರ. ಕೊಡಿ.”

“ನನ್ನದಾ? ಎಂಟು ವರ್ಷ ಅತ್ತೇನ ನೋಡ್ಕೊಂಡಿದ್ದೀನಿ ಸಾರ್.”

“ಅದು ಮನೆಗೆಲಸ ಆಯ್ತಲ್ಲಮ್ಮ. ತರಬೇತುದಾರರು ಅನುಮೋದಿತ ಕೇಂದ್ರದಲ್ಲಿ ತರಬೇತಿ ಪಡೆದಿರತಕ್ಕದ್ದು.”

“ಎಲ್ಲಿದೆ ಸಾರ್ ಆ ಕೇಂದ್ರ? ಹೇಳಿ, ನಾಳೆನೇ ಹೋಗಿ ಸೇರ್ಕೋತೀನಿ.”

“ಎಲ್ಲೂ ಇಲ್ಲ. ನಿಮ್ಮದೇ ಮೊದಲನೇ ಅರ್ಜಿ.”

ಮಾಲಿನಿಯ ತಾಳ್ಮೆ ಉಕ್ಕಿದ ಹಾಲಿನ ಹಾಗೆ ಒಲೆಗೆ ಸುರಿಯಿತು. “ಅಂದ್ರೆ ನಾನು ಕಲಿಯೋದಕ್ಕೆ ಕೇಂದ್ರ ಬೇಕು, ಕೇಂದ್ರ ಆಗೋದಕ್ಕೆ ನಾನು ಕಲಿತಿರ್ಬೇಕು! ಇದನ್ನ ಬರೆದೋರು ಯಾರು ಸಾರ್? ಒಂದು ರಾತ್ರಿ ಆದ್ರೂ ಇಂಥೋರ ಪಕ್ಕ ಮಲಗಿದ್ದಾರಾ? ಒಂದು ಸಲ ಆದ್ರೂ ಹಾಸಿಗೆ ಬಟ್ಟೆ ಒಗ್ದಿದ್ದಾರಾ? ಹೆತ್ತ ಮಗನ್ನ ಯಾರಪ್ಪಾ ನೀನು ಅಂತ ಕೇಳಿದಾಗ ಆ ಮಗನ ಮುಖ ನೋಡಿದ್ದಾರಾ? ಮನೆಗೆಲಸ ಅಂತೆ!”

“ನಿಯಮ ಕಣಮ್ಮ, ನಾನೇನ್ ಮಾಡ್ಲಿ?”

ಅಷ್ಟು ಹೊತ್ತು ಮೂಲೆಯಲ್ಲಿ ಕೂತಿದ್ದ ತಿಮ್ಮಯ್ಯನವರು ಮೇಜು ಕುಟ್ಟಿದರು. “ಏನಮ್ಮಾ ಗುಮಾಸ್ತೆ, ಗಲಾಟೆ ಸಾಕು. ಆ ಫೈಲ್ ಇತ್ತ ತಗಂಬಾ.”

“ನಾನು ಗುಮಾಸ್ತೆ ಅಲ್ಲ ಯಜಮಾನ್ರೇ!” ಎಂದು ಮಾಲಿನಿ ಅದೇ ಬಿಸಿಯಲ್ಲಿ ಸಿಡಿದಳು. “ನೀವೂ ಈಗ ಸಾಹೇಬರಲ್ಲ, ಸುಮ್ನಿರಿ ಸ್ವಲ್ಪ!”

ಹಿರಿಯರ ತುಟಿ ಅದುರಿತು. ಮುತ್ತಮ್ಮ ಮಾಲಿನಿಯನ್ನು ಒಂದು ಸಲ ನೋಡಿದಳು. ಆಮೇಲೆ ತಾನೇ ಎದ್ದು, ನಟರಾಜ್ ಮುಂದಿದ್ದ ಫೈಲನ್ನು ಎತ್ತಿ ತಿಮ್ಮಯ್ಯನವರ ಕೈಗಿಟ್ಟಳು. “ತಗಳಿ ಸಾಹೇಬ್ರೇ. ನಿಮ್ಮ ದಾರಿನೇ ಕಾಯ್ತಿದ್ವಿ.”

ಬೆಳಿಗ್ಗೆ ತಿಂದ ತಿಂಡಿ ನೆನಪಿಲ್ಲದ ತಿಮ್ಮಯ್ಯನವರು ಹದಿನೇಳು ಷರತ್ತನ್ನೂ ಬೆರಳಿಟ್ಟು ಓದಿದರು. ನಟರಾಜ್ ಕಡೆ ತಿರುಗಿ ಕೇಳಿದರು, “ಏನಯ್ಯಾ, ಎಷ್ಟು ವರ್ಷ ಆಯ್ತು ಸರ್ವೀಸು?”

“ಮೂವತ್ಮೂರು ಸಾರ್,” ಎಂದು ನಟರಾಜ್ ತಮಗರಿವಿಲ್ಲದೆ ಎದ್ದು ನಿಂತರು.

“ಅಷ್ಟೂ ದಂಡ. ಬರ್ಕೋ. ಸದರಿ ಕೇಂದ್ರವನ್ನು ಷರತ್ತಿಗೊಳಪಟ್ಟು ಅನುಮೋದಿಸಿದೆ. ಪಾಸಾದ ಆರು ಅಭ್ಯರ್ಥಿಗಳಿಗೆ ಈ ದಿನವೇ ಪ್ರಮಾಣಪತ್ರ ನೀಡತಕ್ಕದ್ದು. ಆಯ್ತಾ? ಈಗ ಪ್ರಮಾಣಪತ್ರ ಇರೋರು ಕೇಂದ್ರದಲ್ಲಿ ಆರು ಜನ ಆದ್ರಲ್ಲ, ಅವರಲ್ಲಿ ಒಬ್ಬರನ್ನ ತರಬೇತುದಾರರು ಅಂತ ನಮೂದಿಸು. ಒಂಬತ್ತನೇದು ಸರಿಹೋಯ್ತು. ಮುಂದಿನ ಫೈಲು!”

ನಟರಾಜ್ ಪೆನ್ನಿನ ಮುಚ್ಚಳ ತೆಗೆದರು. ಆಮೇಲೆ ಸರಸರ ಬರೆದರು. ಯಾವ ನಿಯಮಕ್ಕೂ ತೊಡರಿಕೊಳ್ಳದ ಇಂಥ ಆದೇಶವನ್ನು ಇಲಾಖೆಯಲ್ಲಿ ಯಾರೂ ಬರೆದಿರಲಿಲ್ಲ. ಸೀಲು ಬಿತ್ತು. ಹೇಮಾಶ್ರೀ ಕುಣಿದಳು. ಲಕ್ಕಪ್ಪ ಎಲ್ಲರಿಗೂ ಪಾಯಸ ಹಂಚಿದರು. ಮಾಲಿನಿಯ ಕಣ್ಣಲ್ಲಿ ನೀರು ಬಂತು. ಒರೆಸಿಕೊಂಡರೆ ಕೆನ್ನೆಯೂ ಕೆಂಪು.

“ತರಬೇತುದಾರರು: ಮುತ್ತಮ್ಮ,” ಎಂದು ನಟರಾಜ್ ಓದಿದರು. “ಐದು ಜನ ಹಾಸನಕ್ಕೆ, ಇವರು ಇಲ್ಲಿ.”

“ಮತ್ತೆ ನಾನು?” ಎಂದಳು ಮಾಲಿನಿ.

“ನೀವು ಮುತ್ತಮ್ಮನವರ ಹತ್ರ ಸೇರಿ, ಪೂರ್ತಿ ತರಬೇತಿ ಮುಗಿಸಿದ್ರೆ ನಿಮಗೂ ಪ್ರಮಾಣಪತ್ರ. ಅಲ್ಲಿವರೆಗೂ ಪಾಠ ಮಾಡೋ ಹಾಗಿಲ್ಲ.”

“ನನ್ನ ಹತ್ರ ಕಲಿತೋಳ ಹತ್ರ ನಾನು ಕಲೀಬೇಕಾ? ಇದೆಂಥ ನ್ಯಾಯ ಸಾರ್!”

“ಇವತ್ತೇ ಸೇರಿಸ್ಕೊಂಡ್ರೆ ಫೈಲ್ ಪೂರ್ತಿ ಆಗುತ್ತೆ. ತರಬೇತುದಾರರೇ, ಅಭ್ಯರ್ಥಿಯ ಮೊದಲನೇ ದಿನದ ಮೌಲ್ಯಮಾಪನ ಬರೆದುಬಿಡಿ. ನಾನು ಹಳೇಬೀಡಾದ್ರೂ ನೋಡ್ಬೇಕು.”

ಮುತ್ತಮ್ಮ ಪೆನ್ನು ಹಿಡಿದು ಬಹಳ ಹೊತ್ತು ಯೋಚಿಸಿದಳು. ಕೊನೆಗೆ ತಲೆ ತಗ್ಗಿಸಿಕೊಂಡೇ ಹೇಳಿದಳು.

“ತಪ್ಪು ತಿಳ್ಕಬೇಡಿ ಮೇಡಂ. ಸುಳ್ಳು ಬರೀಬಾರ್ದು ಅಂತ ನೀವೇ ಹೇಳ್ಕೊಟ್ಟಿದ್ದು. ತಿಮ್ಮಯ್ಯನೋರಿಗೆ ಎದುರು ಮಾತಾಡಿದ್ರಿ. ನೀವು ಸಾಹೇಬರಲ್ಲ ಅಂತ ಮುಖದ ಮೇಲೇ ಅಂದ್ರಿ. ಅವರ ತುಟಿ ಹೆಂಗೆ ಅದುರ್ತು, ನೋಡಿದ್ರಾ? ಮೊದಲನೇ ಪಾಠದಾಗೇ ಫೇಲು.”

ಎಂಟು ವರ್ಷದಲ್ಲಿ ಅತ್ತೆಗೆ ಒಂದು ದಿನವೂ ಆಡದ ಮಾತು ಅದು. ಬೆಳಿಗ್ಗೆಯಿಂದ ಕಾಯ್ದ ಸಿಟ್ಟು, ಹದಿನೇಳು ಷರತ್ತು, ಎರಡು ಬಕೆಟ್ಟು, ಎಲ್ಲವನ್ನೂ ಒಟ್ಟಿಗೆ ಹೇಳಿಬಿಡಬೇಕೆಂದು ಮಾಲಿನಿ ಬಾಯಿ ತೆರೆದಳು.

ಮುತ್ತಮ್ಮನ ಪೆನ್ನು ಎರಡನೇ ಪಾಠದ ಚೌಕಕ್ಕೆ ಸರಿಯಿತು.

“ಹೌದು ಮೇಡಂ,” ಎಂದು ಮಾಲಿನಿ ಚಾಪೆಯ ಮೇಲೆ ಕೂತಳು.