ಪೆಟ್ಟಿಗೆ ಸೇರಿದ ಡಸ್ಟರು

ಇಂಗ್ಲಿಷಿನಲ್ಲಿ ನನಗೆ ಬರುವ ಶಬ್ದಗಳೇ ಕಡಿಮೆ. ಆ ಕಡಿಮೆಯಲ್ಲೂ ಎರಡು ಶಬ್ದ ಸೇರಿ ಒಮ್ಮೆ ನನ್ನ ನೌಕರಿಯನ್ನೇ ನುಂಗಲು ಬಂದಿದ್ದವು. ಒಂದು ಡಸ್ಟು, ಇನ್ನೊಂದು ಡಸ್ಟರು. ನೋಡುವುದಕ್ಕೆ ಒಂದೇ ಮನೆಯವು, ನಡೆದುಕೊಳ್ಳುವುದು ಮಾತ್ರ ಅತ್ತೆ ಸೊಸೆಯ ಹಾಗೆ. ಡಸ್ಟು ಎಂದರೆ ಧೂಳು, ಡಸ್ಟರು ಎಂದರೆ ಧೂಳು ಒರೆಸುವುದು ಎನ್ನುತ್ತಾರೆ ಇಂಗ್ಲಿಷರು. ಅವರ ಊರಿನಲ್ಲಿ ಒರೆಸಿದರೆ ಧೂಳು ಹೋಗುತ್ತದೇನೋ! ನಮ್ಮ ಕುಷ್ಟಗಿಯ ಧೂಳು ಮೇಜಿನಿಂದ ಎದ್ದು ಕುರ್ಚಿಯ ಮೇಲೆ ಕೂರುತ್ತದೆ. ಕುರ್ಚಿ ಒರೆಸುವಷ್ಟರಲ್ಲಿ ಮತ್ತೆ ಮೇಜಿಗೆ ಹಾಜರು. ಆಷಾಢದ ಗಾಳಿಯಲ್ಲಂತೂ ರೊಟ್ಟಿಯ ಮೇಲಿರುವುದು ಹಿಟ್ಟೋ ಮಣ್ಣೋ ಎಂದು ಕೇಳುವವನಿಗೆ ಇನ್ನೂ ಹಸಿವಾಗಿಲ್ಲ ಎಂದೇ ಅರ್ಥ.

ನಿಜಾಮ್ ಸರ್ಕಾರದ ಕಾಲ. ನಾನು ಸಾಲಿಯಲ್ಲಿ ಹಂಗಾಮಿ ಮಾಸ್ತರ. ಇನ್‌ಸ್ಪೆಕ್ಟರ್ ಸಾಹೇಬರು ಬಂದು ಪಾಠ ನೋಡಿ ಒಪ್ಪಿದರೆ ಖಾಯಂ, ಇಲ್ಲದಿದ್ದರೆ ಗಂಟುಮೂಟೆ ಕಟ್ಟಿಕೊಂಡು ಮಾವನ ಮನೆ. ಮಾವನವರು ಒಳ್ಳೆಯವರೇ, ಆದರೆ ಅವರ ಮನೆಯಲ್ಲಿ ಎಮ್ಮೆಗಳು ಆರಿದ್ದವು, ಕಾಯುವವರು ಯಾರೂ ಇರಲಿಲ್ಲ. ಹೀಗೆ ಜೀವ ಕೈಯಲ್ಲಿ ಹಿಡಿದುಕೊಂಡಿದ್ದಾಗ ಹೈದರಾಬಾದಿನಿಂದ ನಮ್ಮ ಸಾಲಿಗೆ ಒಂದು ಡಸ್ಟರು ಬಂತು. ಮೇಲೆ ಮರದ ಹಿಡಿ, ಕೆಳಗೆ ಬೆಳ್ಳನೆಯ ಉಣ್ಣೆ. ಹೆಡ್ ಮಾಸ್ತರರು ಹಲಗೆ ಒರೆಸುವ ಹಳೆಯ ಅರಿವೆಯನ್ನು ತಿಪ್ಪೆಗೆ ಎಸೆದು, ಡಸ್ಟರನ್ನು ನನ್ನ ಕೈಗಿಟ್ಟು, "ಸರ್ಕಾರದ ಚೀಜು ಐತ್ರಿ ಇದು. ಹಾಳಾತಂದ್ರ ನೀವ ಜವಾಬ್ದಾರ" ಎಂದರು.

ಅಷ್ಟು ಹೇಳಿದ ಮೇಲೆ ಅದನ್ನು ಹಲಗೆಗೆ ಹಚ್ಚುವ ಎದೆ ಯಾರಿಗಿದೆ? ಮೊದಲ ದಿನ ಮೇಜಿನ ಮೇಲಿಟ್ಟೆ, ಧೂಳು ಕೂತಿತು. ವಸ್ತ್ರದಲ್ಲಿ ಸುತ್ತಿದೆ, ವಸ್ತ್ರವೇ ಕೆಂಪಾಯಿತು. ಕೊನೆಗೆ ಮನೆಗೆ ತಂದು ಹೆಂಡತಿ ಗೌರವ್ವನ ಪೆಟ್ಟಿಗೆಯಲ್ಲಿ, ಅವಳ ಇಳಕಲ್ ಸೀರೆಯ ಮಡಿಕೆಯೊಳಗೆ ಬೆಚ್ಚಗೆ ಮಲಗಿಸಿದೆ. ಸಾಲಿಯಲ್ಲಿ ಹಲಗೆ ಒರೆಸಲು ನನ್ನ ಧೋತರದ ತುದಿ, ಆ ಚುಂಗು, ಇದ್ದೇ ಇತ್ತು.

ಆ ಧೋತರ ಒಗೆಯಬೇಕಾದ ಗೌರವ್ವನಿಗೆ ಈ ಏರ್ಪಾಡು ಸೇರಲಿಲ್ಲ. "ಏನ್ರಿ, ಧೂಳ ಒರಸೋದು ಪೆಟ್ಟಿಗ್ಯಾಗ ಮಕ್ಕೊಂಡೈತಿ, ಉಟ್ಟಕೊಳ್ಳೋದು ಹಲಗಿ ಒರಸಾಕ ಹತ್ತೈತಿ. ಹಿಂಗ ಕಲತೀರೇನು ಇಂಗ್ಲೀಷು?" ಎಂದಳು.

"ಖಾಯಂ ಆಗೂತನಾ ತಡಕೋ" ಎಂದೆ.

ಆರು ತಿಂಗಳು ತಡೆದುಕೊಂಡಳು. ಸಾಹೇಬರು ಬಂದ ದಿನ ನಾನು ಡಸ್ಟರನ್ನು ಪೆಟ್ಟಿಗೆಯಿಂದ ಎಬ್ಬಿಸಿ, ದೇವರ ಪ್ರಸಾದದ ಹಾಗೆ ಎರಡೂ ಕೈಯಲ್ಲಿ ಹಿಡಿದು ಅವರ ಮುಂದೆ ಒಡ್ಡಿದೆ. ಶಾಬಾಸ್ ಎನ್ನುತ್ತಾರೆಂದು ಬೆನ್ನನ್ನೂ ಸ್ವಲ್ಪ ಬಗ್ಗಿಸಿದ್ದೆ. ಸಾಹೇಬರು ಗುಲ್ಬರ್ಗಾ ಕಡೆಯವರು, ಕನ್ನಡ ಬಲ್ಲವರು. ಡಸ್ಟರನ್ನು ತಿರುಗಿಸಿ ಮುರುಗಿಸಿ ನೋಡಿ, ಇದು ಬಂದು ಎಷ್ಟು ದಿನವಾಯಿತೆಂದು ಹೆಡ್ ಮಾಸ್ತರರನ್ನು ಕೇಳಿದರು.

"ಆರು ತಿಂಗಳಾತು ಹುಜೂರ್."

"ಆರು ತಿಂಗಳದಾಗ ಈ ಮಾಸ್ತರ ಹಲಗಿ ಮ್ಯಾಲೆ ಒಂದಕ್ಷರಾನೂ ಬರದಿಲ್ಲೇನು?"

ನನ್ನ ಕಣ್ಣ ಮುಂದೆ ಆರೂ ಎಮ್ಮೆಗಳು ಸಾಲಾಗಿ ಹಾದುಹೋದವು. "ಧೂಳು ಹತ್ತಬಾರದಂತ ಜ್ವಾಕಿ ಮಾಡೀನ್ರಿ ಹುಜೂರ್" ಎಂದೆ.

"ಧೂಳು ಹತ್ತಲಿ ಅಂತನ ಕಳಿಸ್ಯಾರಲ್ರಿ ಅದನ್ನ! ಹೋಗ್ರಿ, ಒಂದು ಲೆಕ್ಕಾ ಕಲಸ್ರಿ, ನೋಡೂಣು."

ಗುಣಾಕಾರ ಬರೆದೆ. ಎಮ್ಮೆಗಳ ಗುಂಗಿನಲ್ಲಿ ಏಳೆಂಟಲೆ ಐವತ್ತೆಂಟಾಯಿತು. ಹುಡುಗರು "ತಪ್ಪಾತ್ರಿ ಸರ" ಎಂದು ಕೂಗಿದ್ದೇ ತಡ, ಕೈ ತಾನಾಗಿ ಧೋತರಕ್ಕೆ ಹೋಯಿತು. ಡಸ್ಟರು ಇನ್ನೂ ಸಾಹೇಬರ ಕೈಯಲ್ಲೇ ಇತ್ತು. ಜೋರಾಗಿ ಒರೆಸಿ, ರೂಢಿಯಂತೆ ಚುಂಗನ್ನು ಪಟಪಟ ಕೊಡವಿದೆ. ಕೋಣೆಯ ತುಂಬ ಸೀಮೆಸುಣ್ಣದ ಪುಡಿ. ಸಾಹೇಬರು ಮೂರು ಸಲ ಸೀನಿದರು, ಕಣ್ಣೊರೆಸಿಕೊಂಡರು, ಆಮೇಲೆ ಹೊಟ್ಟೆ ಹಿಡಿದುಕೊಂಡು ನಗತೊಡಗಿದರು.

"ಹೆಡ್ ಮಾಸ್ತರ, ಈ ಮನಶ್ಯಾ ಆರು ತಿಂಗಳು ಖರೇನ ಕಲಿಸ್ಯಾನ. ಪುರಾವೆ ಉಟ್ಟಕೊಂಡ ನಿಂತಾನ!"

ತಮ್ಮೆದುರಿಗೇ ನನ್ನಿಂದ ಡಸ್ಟರಿನಲ್ಲಿ ಹಲಗೆ ಒರೆಸಿಸಿದರು. ಆ ಉಣ್ಣೆ ಮಾಸುವುದನ್ನು ನೋಡಿ ಅಯ್ಯೋ ಎನಿಸಿದರೂ, ಖಾಯಂ ಮಾಡುತ್ತೇನೆ ಎಂಬ ಮಾತು ಕೇಳಿ ಕುಣಿಯುವಷ್ಟು ಖುಷಿಯಾಯಿತು. ಮನೆಗೆ ಓಡಿದೆ. ಸುದ್ದಿ ಕೇಳಿ ಗೌರವ್ವ ಬಾಯಿಗೆ ಬೆಲ್ಲ ಹಾಕಿದಳು. "ಇನ್ನ ಹಲಗಿಗೆ ಡಸ್ಟರು, ನಿಮಗ ಧೋತರ. ಹೌದಲ್ರಿ?" ಎಂದಳು.

"ಹೌದು ಮತ್ತ!" ಎಂದೆ.

ಮರುದಿನ ಸಂಜೆ ನಾನು ಕಟ್ಟೆಯ ಮೇಲೆ ಕೂತಿದ್ದೆ. ಅವಳು ಹಿಂದೆ ಬಂದು ನಿಂತದ್ದು ಗೊತ್ತಾಗಲಿಲ್ಲ. ಇಡೀ ದಿನ ದುಡಿದು ಮೈಯೆಲ್ಲ ಧೂಳಾಗಿದ್ದ ಡಸ್ಟರನ್ನು ಮಡಿಲಲ್ಲಿಟ್ಟುಕೊಂಡು, ಧೋತರದ ಚುಂಗಿನಿಂದ ಮೆಲ್ಲಗೆ ಒರೆಸುತ್ತಿದ್ದೆ.

"ನೌಕರಿ ಖಾಯಂ ಆತು, ಭಾಳ ಛಲೋ ಆತು" ಎಂದಳು ಗೌರವ್ವ. "ಅದರ ಜೋಡಿ ನನಗ ಧೋತರ ಒಗ್ಯಾಣನೂ ಖಾಯಂ ಆತು ನೋಡ್ರಿ."